ಲೈನ್ ಮನೆಯ ಕಳ್ಳ

ಪಾಪಮ್ಮ ಆಲ್ದೂರಿಗೆ ಬಂದದ್ದು ಬಸ್ಸಿನಲ್ಲಲ್ಲ. ಹಳ್ಳ ದಾಟಿ, ಯಾರ್ಯಾರದೋ ತೋಟದ ಬೇಲಿ ನುಸುಳಿ, ಕಾಲ್ನಡಿಗೆಯಲ್ಲಿ. ಗೊಬ್ಬರದಂಗಡಿಯ ಮಹಡಿ ಹತ್ತಿ ಬಂದವಳು ಬಾಗಿಲಲ್ಲೇ ನಿಂತಳು. ಸೀರೆಯಂಚಿನ ತುಂಬ ಮುಳ್ಳು, ಕಾಲಲ್ಲಿ ಚಪ್ಪಲಿಯಿಲ್ಲ.

"ಒಳಗೆ ಬನ್ನಿ ಪಾಪಮ್ಮ. ಮೊದಲು ನೀರು ಕುಡೀರಿ," ಎಂದಳು ಪ್ರೇಮಕುಮಾರಿ.

ನೀರು ಕುಡಿಯಲಿಲ್ಲ ಪಾಪಮ್ಮ. "ಗೇಟಿಗೆ ಬೀಗ ಹಾಕಿದಾರೆ ಅವ್ವಾ. ಆನೆ ಇಳಿದಿದೆ, ಲೈನ್‌ನವರು ಯಾರೂ ಹೊರಗೆ ಹೋಗ್ಬಾರ್ದು ಅಂತ ಬಂಗಲೆಯಿಂದ ಆರ್ಡರ್. ಭಾನುವಾರದೊಳಗೆ ಮನೆ ಖಾಲಿ ಮಾಡು ಅಂತ ನಂಗೆ ಅದೇ ಬಂಗಲೆಯಿಂದ ಇನ್ನೊಂದು ಆರ್ಡರ್. ಹೊರಗೂ ಹೋಗ್ಬಾರ್ದು, ಒಳಗೂ ಇರ್ಬಾರ್ದು. ಹಂಗಾದ್ರೆ ನಾನು ಎಲ್ಲಿರ್ಲಿ?"

ಮೂಲೆಯ ಬೆಂಚಿನಲ್ಲಿ ಕೂತಿದ್ದ ಬಸವರಾಜು ಪುಸ್ತಕ ಮುಚ್ಚಿದ. ಅವನು ಸಂಸೆಯವನು, ಕಳಸದ ಕಡೆಗೆ ಜೀಪು ಓಡಿಸುವವನು. ಆ ಮಹಡಿಯಲ್ಲಿ ಭಾನುವಾರ ಭಾನುವಾರ ಒಂದಷ್ಟು ಜನ ಕೂತು ಓದಿ ಜಗಳಾಡುವ ಪದ್ಧತಿಯಿತ್ತು. ಒಮ್ಮೆ ಬಾಡಿಗೆಗೆಂದು ಬಂದು ಕಾಯುತ್ತ ಕೂತವನು ಜಗಳದ ರುಚಿ ಹತ್ತಿ ಅಲ್ಲೇ ಉಳಿದ. ವಕೀಲಿಕೆ ಬಿಟ್ಟ ಪ್ರೇಮಕುಮಾರಿಯ ಹತ್ತಿರ ಪೊಲೀಸರು ಮುಚ್ಚಿದ ಕಡತಗಳ ಜನ ಬರುತ್ತಿದ್ದರು. ಅವಳು ಹೊರಟಲ್ಲಿಗೆಲ್ಲ ಜೀಪು ಅವನದು. ಒಂದು ಗಂಟು ಬಿಡಿಸಿಕೊಂಡು ವಾಪಸಾಗುವಾಗ ಗಾಡಿ ನಿಲ್ಲಿಸಿ ಚಾ ಕುಡಿಸುವವನೂ ಅವನೇ.

"ಮಗನ ವಿಷಯ ಹೇಳಿ," ಎಂದಳು ಪ್ರೇಮಕುಮಾರಿ.

ಪಾಪಮ್ಮನ ಒಬ್ಬನೇ ಮಗ ರುದ್ರೇಶ್ ಸತ್ತು ಮೂರು ದಿನವಾಗಿತ್ತು. "ಲೈನ್ ಹಿಂದೆ, ಲೈನ್ ಕೆಳಗೆ ಬಿದ್ದಿದ್ದ. ಕೈಲಿ ಕೊಕ್ಕೆ ತಂತಿ. ಬೆಳಿಗ್ಗೆ ಜನಾನ ಲೈನಿಗೆ ನಿಲ್ಸೋಕೆ ಬಂದ ರೈಟರ್ ವಿಶ್ವನಾಥ್ ನೋಡಿದ್ದು. ಲೈನಿಗೆ ಕೊಕ್ಕೆ ಹಾಕಿ ಕರೆಂಟ್ ಕದಿಯೋಕೆ ಹೋಗಿ ಸತ್ತ ಅಂತ ಪೊಲೀಸ್ನೋರು ಬರ್ಕೊಂಡು ಹೋದ್ರು. ಕಳ್ಳನ ಮನೆಯವರಿಗೆ ಎಸ್ಟೇಟಲ್ಲಿ ಜಾಗ ಇಲ್ವಂತೆ."

ಬಸವರಾಜುವಿನ ಕಿವಿಯಲ್ಲಿ ಲೈನ್ ಎಂಬ ಪದವೇ ನಿಂತಿತು. ಕೂಲಿಯವರು ಇರುವ ಸಾಲುಮನೆ ಲೈನ್. ನೆತ್ತಿ ಮೇಲಿನ ವಿದ್ಯುತ್ ತಂತಿ ಲೈನ್. ಹಾಜರಿಗೆ ನಿಲ್ಲುವುದು ಲೈನ್, ಶನಿವಾರ ಸಂಬಳಕ್ಕೆ ನಿಲ್ಲುವುದೂ ಲೈನ್. ಗಿಡ ನೆಡುವುದು ಲೈನ್ ಹಿಡಿದು, ನೀರು ಹಾಯಿಸುವ ಪೈಪಿನದು ಇನ್ನೊಂದು ಲೈನ್. ಇಂಗ್ಲಿಷಿನವರು ಕಾಫಿ ಜೊತೆ ತಂದುಹಾಕಿದ ಒಂದು ಪದ. ಈ ಜನ ಅದರೊಳಗೇ ಹುಟ್ಟಿ ಅದರೊಳಗೇ ಸಾಯುತ್ತಾರೆ. ಮಹಡಿಯ ದಪ್ಪ ನಿಘಂಟಿನಲ್ಲಿ ಅವನು ಒಮ್ಮೆ ಅದರ ಅರ್ಥ ಹುಡುಕಿದ್ದ. ಗೆರೆ, ಸಾಲು, ದಾರ, ತಂತಿ, ಗಡಿ, ಮುಖದ ಸುಕ್ಕು, ವಂಶ, ಹೀಗೆ ಅರ್ಧ ಪುಟ ಇತ್ತು. ಪಾಪಮ್ಮನ ಮನೆ ಮಾತ್ರ ಅದರಲ್ಲಿರಲಿಲ್ಲ.

"ನಿಮ್ಮ ಮನೆಗೆ ಕರೆಂಟ್ ಇಲ್ವಾ?"

"ಇದೆ. ಇರೋದೊಂದು ಬಲ್ಬು. ಸರ್ಕಾರ ಪುಕ್ಕಟೆ ಕೊಟ್ಟ ಮೇಲೆ ಬಿಲ್ಲೇ ಬರಲ್ಲ. ಕದ್ದು ಎಂತ ಮಾಡ್ತಾನೆ ಅವ್ವಾ, ಉಪ್ಪಿನಕಾಯಿ ಹಾಕ್ತಾನಾ?"

"ಮಣ್ಣು ಮಾಡೋ ಮುಂಚೆ ನೀವೇ ಮೈ ತೊಳೆದ್ರಿ ಅಲ್ವಾ? ಏನು ನೋಡಿದ್ರಿ?"

ಪಾಪಮ್ಮ ತನ್ನ ಎರಡೂ ಅಂಗೈ ಮುಂದೆ ಹಿಡಿದಳು, ಏನನ್ನೋ ಎರಡು ಕಡೆಯಿಂದ ಹಿಡಿದವಳಂತೆ. "ಎರಡೂ ಕೈ ಸುಟ್ಟಿತ್ತು. ಅಡ್ಡಡ್ಡ, ಪಟ್ಟಿ ಥರ. ಬನೀನಿನ ಒಳಗೆ ಕಾಫಿ ಹೂವು ಇತ್ತು, ಎರಡು ಮೂರು. ನಮ್ಮ ಲೈನ್ ಹತ್ರ ಇರೋದು ಅರೇಬಿಕಾ, ಅದಿನ್ನೂ ಮೊಗ್ಗು. ಹೂವು ಬಿಟ್ಟಿರೋದು ಮೇಲಿನ ರೋಬಸ್ಟಾ ಬ್ಲಾಕಲ್ಲಿ ಮಾತ್ರ. ಅಲ್ಲಿಗೆ ಯಾರೂ ಹೋಗೋ ಹಂಗಿಲ್ಲ."

"ಸಾಯೋ ಮುಂಚೆ ಅವನು ಏನಾದ್ರೂ ಹೇಳಿದ್ನಾ?"

"ಎರಡು ಸಂಜೆ ತಡವಾಗಿ ಬಂದ. ಕೈಯೆಲ್ಲ ಹಸಿ ಕಾಳುಮೆಣಸಿನ ವಾಸನೆ. ಈ ವಾರ ಎಸ್ಟೇಟಲ್ಲಿ ಮೆಣಸು ಕೊಯ್ಲೇ ಇಲ್ಲ, ಎಲ್ರೂ ಮರದ ಕೊಂಬೆ ಕಡಿಯೋ ಕೆಲಸದಲ್ಲಿದ್ವಿ. ಎಲ್ಲಿಗೆ ಹೋಗ್ತೀಯೋ ಅಂದೆ. 'ಕೇಳ್ಬೇಡವ್ವ, ಹೇಳಿದ್ರೆ ಮನೆ ಹೋಗುತ್ತೆ' ಅಂದ." ಅವಳು ಲೋಟ ಎತ್ತಿ ಅಷ್ಟೂ ನೀರು ಕುಡಿದಳು. "ಹೇಳ್ಲಿಲ್ಲ. ಆದ್ರೂ ಮನೆ ಹೋಯ್ತು ನೋಡಿ."

ಜೀಪು ಹೊನ್ನೆಕೊಪ್ಪ ಎಸ್ಟೇಟಿನ ಗೇಟಿಗೆ ಬಂದಾಗ ಕಾವಲಿನವನು ಬೀಗ ತೆಗೆದ. ಹಿಂದಿನ ಸೀಟಿನಲ್ಲಿದ್ದ ಪಾಪಮ್ಮನನ್ನು ನೋಡಿಯೂ ನೋಡದವನಂತೆ ಮುಖ ತಿರುಗಿಸಿದ.

"ಯಾವ ಆನೆ ಮಾರಾಯ?" ಎಂದ ಬಸವರಾಜು. "ಅರಣ್ಯ ಇಲಾಖೆ ಮೆಸೇಜು ನನ್ನ ಮೊಬೈಲಿಗೂ ಬರುತ್ತೆ. ಈ ಕಡೆಗೆ ಆನೆ ಬಂದ ಸುದ್ದಿಯೇ ಇಲ್ಲ."

"ಆನೆಯ ಅಡ್ರೆಸ್ ನಂಗೇನು ಗೊತ್ತು? ಹಾಕು ಅಂದ್ರು, ಹಾಕ್ದೆ."

ಅವರು ಒಳಗೆ ಬಂದ ಕೂಡಲೇ ಹಿಂದೆ ಬೀಗ ಬಿತ್ತು. ಬಸವರಾಜು ಕನ್ನಡಿಯಲ್ಲಿ ನೋಡಿದ.

ಬಂಗಲೆಯ ಜಗಲಿಯಲ್ಲಿ ದೇವರಾಜೇಗೌಡ ಕಾಲು ಚಾಚಿ ಕೂತಿದ್ದ. ಮಂಡಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು, ಪಕ್ಕದಲ್ಲಿ ಊರುಗೋಲು. ಹೆಂಡತಿ ವಿಮಲಮ್ಮ ಕಾಫಿ ತಂದಳು. ಮಗ ದರ್ಶನ್ ಕಂಬಕ್ಕೊರಗಿ ಮೊಬೈಲು ತೀಡುತ್ತಿದ್ದ. ಪಾಪಮ್ಮ ಅಂಗಳದಲ್ಲೇ ನಿಂತಳು. ನಿಲ್ಲು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಕಾಲ ಅವಳ ಅಜ್ಜಿಯ ಹೊತ್ತಿಗೇ ಮುಗಿದಿತ್ತು.

"ನಿಮ್ಮ ಅಣ್ಣನ ಅಂಗಡಿ ಗೊಬ್ಬರವೇ ನಮ್ಮ ತೋಟಕ್ಕೆ," ಎಂದ ದೇವರಾಜೇಗೌಡ. "ಅದಕ್ಕೇ ನಿಮ್ಮನ್ನ ಒಳಗೆ ಬಿಟ್ಟೆ. ಪೊಲೀಸರು ಮುಗಿಸಿದ ವಿಷಯ ನೀವು ಎಂತಕ್ಕೆ ಕೆದಕ್ತೀರಿ?"

"ನೋಡ್ಕೊಂಡು ಹೋಗ್ತೀನಿ ಗೌಡ್ರೇ. ಮೇಲಿನ ಬ್ಲಾಕಲ್ಲಿ ಹೂವು ಬಂದಿದೆಯಂತೆ. ಅಲ್ಲಿಗೆ ಯಾರೂ ಹೋಗಲ್ವಂತೆ?"

ಗೌಡನ ಮುಖ ಅರಳಿತು. "ಹೂವು ಅಂದ್ರೆ ಬಸುರಿ ಇದ್ದ ಹಾಗೆ. ಜೇನು ಬಿಟ್ಟು ಬೇರೆಯವರು ಒಳಗೆ ಕಾಲಿಡಬಾರ್ದು. ಕೆಲಸ ಬಂದ್, ನಾನೂ ಹೋಗಲ್ಲ. ಮೊದಲ ಹೂವಿನ ದಿನ ನಮ್ಮ ವಿಮಲ ಮೇಲಿನ ದಾರಿಗೂ ಕೆಳಗಿನ ದಾರಿಗೂ ಅಡ್ಡ ಸೊಪ್ಪು ಕಟ್ತಾಳೆ. ದೇವರ ಮನೆಯ ಅರಿಶಿನದ ದಾರ. ಅದನ್ನ ಬೇರೆಯವರು ಮುಟ್ಟೋ ಹಾಗಿಲ್ಲ. ಲೈನ್‌ನವರನ್ನ ಬಿಡಿ, ನಮ್ಮ ರೈಟರ್ ಕೂಡ ಈ ಜಗಲಿ ದಾಟಿ ಒಳಗೆ ಬಂದವನಲ್ಲ."

"ಮೂರು ಸೊಪ್ಪು ಸೇರಿಸ್ಬೇಕು," ಎಂದಳು ವಿಮಲಮ್ಮ. "ಮಾವು, ಹಲಸು, ಹಾಲವಾಣ. ನಮ್ಮತ್ತೆ ಹೇಳಿಕೊಟ್ಟಿದ್ದು. ದಿನಾ ಬೆಳಿಗ್ಗೆ ಒಂದು ಸಲ ಕೆಳಗಿನ ದಾರಿವರೆಗೆ ಹೋಗಿ ನೋಡ್ಕೊಂಡು ಬರ್ತೀನಿ."

"ಮೂಢನಂಬಿಕೆ ಆಂಟಿ," ಎಂದು ನಕ್ಕ ದರ್ಶನ್. "ಅಮ್ಮನ ಸಂತೋಷಕ್ಕೆ ನಡೀತಿದೆ."

ಸಾಲುಮನೆಯ ಹಿಂದೆ ಹೆಣ ಸಿಕ್ಕಿದ ಜಾಗದಲ್ಲಿ ಪ್ರೇಮಕುಮಾರಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತಂತಿ ನೋಡಿದಳು, ನೆಲ ನೋಡಿದಳು. ಅಲ್ಲಿಂದ ಜೀಪು ದಾರಿ ಹಿಡಿದು ಹೂವಿನ ಬ್ಲಾಕಿನ ಕೆಳಬಾಯಿಗೆ ನಡೆದಳು. ಗುಡ್ಡದ ಮೈ ಪೂರ್ತಿ ಬೆಳ್ಳಗಿತ್ತು. ಹೂವು ಬಾಡುವ ಮುಂಚಿನ ಗಾಢ ಪರಿಮಳ, ಜೇನಿನ ಮೊರೆತ. ಬಸವರಾಜುವಿಗೆ ಆ ಚಂದದ ಮೇಲೇ ಸಿಟ್ಟು ಬಂತು.

ದಾರಿಗೆ ಅಡ್ಡ ಸೊಪ್ಪಿನ ಕಟ್ಟು ತೂಗುತ್ತಿತ್ತು.

"ಎಂತ ಕಾಣ್ತದೆ ಬಸವರಾಜು?"

"ಹಾಲವಾಣದ ಸೊಪ್ಪು, ಹಳದಿ ದಾರ."

"ಬಾಡಿದೆಯಾ?"

"ಸ್ವಲ್ಪ."

"ಸರಿ, ಮೇಲಿನ ದಾರಿಯದನ್ನೂ ಒಂದು ಸಲ ನೋಡ್ಕೊಂಡು ಬಾ."

ಬಸವರಾಜು ಸುತ್ತಿ ಬಳಸಿ ಹತ್ತಿ ಹೋಗಿ ಬಂದ. ಮೇಲಿನ ಕಟ್ಟು ಮುರುಟಿ ಒಣಗಿತ್ತು. ಅದರಲ್ಲಿ ಮಾವು, ಹಲಸು, ಹಾಲವಾಣ ಮೂರೂ ಇದ್ದವು. ಇಳಿದು ಬರುವಷ್ಟರಲ್ಲಿ ಪ್ರೇಮಕುಮಾರಿ ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಗಿಡದ ಬುಡದಲ್ಲಿ ಒಣಗಿದ ಇನ್ನೊಂದು ಕಟ್ಟು ಬಿದ್ದಿತ್ತು. ಮೂರೂ ಬಗೆಯ ಸೊಪ್ಪು. ಸುತ್ತಿದ ಹಳದಿ ದಾರವನ್ನು ಕತ್ತಿಯಿಂದ ಕೊಯ್ದಿತ್ತು.

"ಬಾ, ಒಳಗೆ ಹೋಗೋಣ," ಎಂದು ಅವಳು ಬಗ್ಗಿ ದಾಟಿದಳು.

ಬಸವರಾಜುವಿನ ಕಾಲು ತಡೆಯಿತು. ದೇವರು ದಿಂಡರನ್ನು ಓದಿ ಓದಿ ಬಿಟ್ಟವನು ಅವನು. ಆದರೂ ಆ ದಾರ ಮೈಗೆ ತಾಗದಂತೆ ತಲೆ ಬಗ್ಗಿಸಿ ನುಸುಳಿದ. ಓದಿಲ್ಲದ, ಮನೆ ಕಳೆದುಕೊಳ್ಳುವ ಭಯವಿದ್ದ ರುದ್ರೇಶ್ ಇದನ್ನು ತಾನಾಗಿ ದಾಟಿರುತ್ತಾನೆಯೇ? ದಾಟು ಅಂದವರು ಯಾರು?

ಒಳಗೆ ಗಿಡಗಳ ನಡುವೆ, ತರಗೆಲೆಯ ಮೇಲೆ, ಮೇಲಿಂದ ಕೆಳಕ್ಕೆ ಎರಡು ಗೆರೆ ಬಿದ್ದಿತ್ತು. ಒಂದರ ಪಕ್ಕ ಒಂದು, ಎಲ್ಲೂ ಕೂಡದೆ, ಎಲ್ಲೂ ಅಗಲವಾಗದೆ. ನಡುವೆ ಒಬ್ಬನ ಬೂಟಿನ ಗುರುತು. ಪಕ್ಕದ ರೆಂಬೆಗಳಲ್ಲಿ ಹೂವು ಉದುರಿತ್ತು. ಗೆರೆ ಹಿಡಿದು ಹತ್ತಿದರು. ಅದು ಮುಗಿದದ್ದು ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲಲ್ಲಿ ಗೊಂಚಲು ತೂಗುತ್ತಿತ್ತು. ಸುತ್ತಲ ಮರಗಳ ಮೆಣಸೂ ಖಾಲಿ. ಬಸವರಾಜು ಕತ್ತೆತ್ತಿದ. ಎಲೆಗಳ ಸಂದಿಯಲ್ಲಿ, ಕೈಗೆ ಸಿಗುವಂತೆ ಕಾಣುವ ಎತ್ತರದಲ್ಲಿ, ದೊಡ್ಡ ಕರೆಂಟಿನ ತಂತಿ ಹಾದುಹೋಗಿತ್ತು.

ಇಬ್ಬರೂ ಇಳಿದು ಗೋಡೌನಿಗೆ ಬಂದರು.

ರೈಟರ್ ವಿಶ್ವನಾಥ್ ಗೋಡೌನಿನ ಬಾಗಿಲು ತೆಗೆದ. ತೆಳ್ಳಗಿನ ಮನುಷ್ಯ, ಎಸ್ಟೇಟಿನ ಲೆಕ್ಕ ಬರೆಯುವವನು. ಪ್ರತಿ ಪ್ರಶ್ನೆಗೂ ಬಂಗಲೆಯ ದಿಕ್ಕು ನೋಡಿ ಉತ್ತರಿಸುತ್ತಿದ್ದ.

"ಮೆಣಸು ಕೊಯ್ಯೋಕೆ ಯಾವ ಏಣಿ ಕೊಡ್ತೀರಿ?"

"ಬಿದಿರಿಂದು ಮೇಡಂ. ಅವು ಲೈನ್ ಪಕ್ಕದ ಶೆಡ್ಡಲ್ಲಿರ್ತವೆ. ಅಲ್ಯೂಮಿನಿಯಂದು ಒಂದಿದೆ, ಪಕ್ಕದ ಎಸ್ಟೇಟಲ್ಲಿ ತಂತಿಗೆ ತಾಗಿ ಒಬ್ಬ ಸತ್ತ ಮೇಲೆ ದೊಡ್ಡ ಗೌಡ್ರು ಅದನ್ನ ಒಳಗೆ ಹಾಕ್ಸಿದ್ರು. ಯಾರಿಗೂ ಕೊಟ್ಟಿಲ್ಲ."

"ಗೋಡೌನಿನ ಕೀ ಯಾರ ಹತ್ರ?"

"ಒಂದು ನನ್ನ ಹತ್ರ. ಇನ್ನೊಂದು ಬಂಗಲೆ ಅಡುಗೆಮನೆ ಮೊಳೆಯಲ್ಲಿ."

ಗೋಡೌನಿನಲ್ಲಿದ್ದ ಸಮಸ್ತಕ್ಕೂ ಧೂಳು ಹಿಡಿದಿತ್ತು. ಗೋಡೆಗೊರಗಿದ ಅಲ್ಯೂಮಿನಿಯಂ ಏಣಿ ಮಾತ್ರ ಮದುವೆಗೆ ತೊಳೆದ ಪಾತ್ರೆಯಂತೆ ಹೊಳೆಯುತ್ತಿತ್ತು. ಅದರ ಒಂದು ತುದಿಯಲ್ಲಿ ಸುಟ್ಟು ಕರಗಿದ ಕಪ್ಪು ಕಲೆ. ಮೆಟ್ಟಿಲುಗಳು ಟೊಳ್ಳು ಕೊಳವೆಗಳು. ಎರಡೂ ಕಡೆ ಬಾಯಿ ತೆರೆದಿದ್ದವು.

"ಬಾಗಿಲು ಹಾಕಿ. ಪೊಲೀಸರು ಬರೋತನಕ ತೆಗೀಬೇಡಿ," ಎಂದಳು ಪ್ರೇಮಕುಮಾರಿ. ಫೋನಿಗೆ ಲೈನ್ ಸಿಗಲಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ ಎಂದ ವಿಶ್ವನಾಥ್. ಅವಳು ಆ ಮೂಲೆಯಲ್ಲಿ ನಿಂತು ಸಬ್ ಇನ್ಸ್‌ಪೆಕ್ಟರನ್ನು ಕರೆದಳು.

ಸಂಜೆಬಿಸಿಲಿನ ಹೊತ್ತಿಗೆ ಎಲ್ಲರೂ ಆ ಕಣದಲ್ಲೇ ಸೇರಿದ್ದರು. ಗೌಡನಿಗೆ ಕುರ್ಚಿ ಬಂತು. ವಿಮಲಮ್ಮ ಅವನ ಹಿಂದೆ, ದರ್ಶನ್ ಸ್ವಲ್ಪ ದೂರದಲ್ಲಿ, ವಿಶ್ವನಾಥ್ ಕೈಕಟ್ಟಿ. ಸಬ್ ಇನ್ಸ್‌ಪೆಕ್ಟರ್ ಮುಖ ಗಂಟಿಕ್ಕಿ ನಿಂತಿದ್ದ. ತಾನೇ ಮುಚ್ಚಿದ್ದನ್ನು ತೆರೆಯುವ ಸಂಕಟ ಅವನದು. ಕಣದ ಕಟ್ಟೆಯಾಚೆ ಸಾಲುಮನೆಯ ಜನ ಒಬ್ಬೊಬ್ಬರಾಗಿ ಬಂದು ನಿಂತರು.

"ರುದ್ರೇಶ್ ಕರೆಂಟಿನಿಂದಲೇ ಸತ್ತ. ಅದು ನಿಜ," ಎಂದು ಶುರು ಮಾಡಿದಳು ಪ್ರೇಮಕುಮಾರಿ. "ಆ ಒಂದು ನಿಜ ಇದ್ದಿದ್ದಕ್ಕೇ ಉಳಿದ ಸುಳ್ಳು ನಡೀತು. ಕೊಕ್ಕೆ ಹಾಕೋನು ಉದ್ದ ಕೋಲು ಹಿಡೀತಾನೆ. ಅವನ ಅಂಗೈ ಎರಡೂ ಒಂದೇ ಥರ ಅಡ್ಡಪಟ್ಟಿಯಾಗಿ ಸುಟ್ಟಿತ್ತು. ಏಣಿಯ ಎರಡು ಕಾಲು ಹಿಡಿದವನ ಕೈ ಅದು. ಬಿಲ್ಲೇ ಬರದ ಮನೆಯವನು ಕರೆಂಟ್ ಯಾಕೆ ಕದೀಬೇಕು? ಬನೀನಿನೊಳಗೆ ಹೂವಿತ್ತು. ಹೂವಿರೋದು ಒಂದೇ ಬ್ಲಾಕಲ್ಲಿ."

"ಅಲ್ಲಿಗೆ ಯಾರೂ ಹೋಗಲ್ಲ ಅಂದ್ನಲ್ಲ," ಎಂದ ಗೌಡ.

"ಅದಕ್ಕೇ ಆ ಜಾಗ ಆರಿಸಿದ್ದು ಗೌಡ್ರೇ. ವರ್ಷದಲ್ಲಿ ಆ ಕೆಲವು ದಿನ ನಿಮ್ಮ ತೋಟದಲ್ಲಿ ಯಾರ ಕಣ್ಣೂ ಬೀಳದ ಜಾಗ ಅದೊಂದೇ. ಒಳಗೆ ನಿಮ್ಮದೇ ಮೆಣಸು ತೂಗ್ತಿದೆ. ಅದನ್ನ ಕದ್ದು ಇಳಿಸೋಕೆ ಒಬ್ಬರು ರುದ್ರೇಶನನ್ನ ಕರ್ಕೊಂಡು ಹೋದ್ರು. ಇಲ್ಲ ಅಂದ್ರೆ ಮನೆ ಹೋಗುತ್ತೆ ಅಂತ ಹೆದರಿಸಿ. ಬಿದಿರಿನ ಏಣಿ ಲೈನ್ ಪಕ್ಕ ಇದೆ, ತೆಗೆದ್ರೆ ಹತ್ತು ಜನ ನೋಡ್ತಾರೆ. ಹಾಗಾಗಿ ಗೋಡೌನಿಂದ ಅಲ್ಯೂಮಿನಿಯಂದು ಬಂತು. ತಂತಿಗೆ ತಾಗ್ತು. ಆಮೇಲೆ ಅದೇ ಏಣಿ ಮೇಲೆ ಅವನನ್ನ ಮಲಗಿಸಿ ಗುಡ್ಡದ ಇಳಿಜಾರಲ್ಲಿ ಎಳೆದ್ರು. ಎರಡು ಗೆರೆ ಇನ್ನೂ ಅಲ್ಲಿದೆ. ಎಳೆದವನು ಒಬ್ಬನೇ. ಕೆಳಗಿನ ದಾರಿಯಿಂದ ಜೀಪಲ್ಲಿ ಲೈನ್ ಹಿಂದಕ್ಕೆ, ಕೈಗೊಂದು ಕೊಕ್ಕೆ. ಲೈನ್‌ನವನು ಕಳ್ಳ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ ಅನ್ನೋ ಧೈರ್ಯ."

ಸಬ್ ಇನ್ಸ್‌ಪೆಕ್ಟರ್ ಗೋಡೌನಿನಿಂದ ಏಣಿ ತರಿಸಿದ. ಅಡ್ಡ ಹಿಡಿದು ಒಂದು ಪಕ್ಕ ವಾಲಿಸಿ ತಟ್ಟಿದ. ಟೊಳ್ಳು ಮೆಟ್ಟಿಲುಗಳ ಬಾಯಿಂದ ಕಂದಿದ ಹೂವು, ಎರಡು ಹಸಿ ಮೆಣಸಿನ ಗೊಂಚಲು ಕಣದ ನೆಲಕ್ಕೆ ಉದುರಿದವು.

"ಹೊರಗೆ ತೊಳೆದ್ರು, ಒಳಗೆ ನೋಡ್ಲಿಲ್ಲ," ಎಂದಳು ಪ್ರೇಮಕುಮಾರಿ.

"ಗೋಡೌನಿನ ಕೀ ರೈಟರ್ ಹತ್ರ ಅಲ್ವಾ?" ಎಂದ ದರ್ಶನ್.

ವಿಶ್ವನಾಥ್ ಬಂಗಲೆಯ ದಿಕ್ಕು ನೋಡಿದ. ಹೆಣ ಮೊದಲು ನೋಡಿದವನೂ ಅವನೇ. ಒಂದು ಕ್ಷಣ ಬಸವರಾಜುವಿಗೂ ಅನುಮಾನ ಅತ್ತ ವಾಲಿತು.

"ಕೀ ಎರಡಿದೆ," ಎಂದಳು ಪ್ರೇಮಕುಮಾರಿ. "ದಾರ ಒಂದೇ. ಹೆಣದ ಸಮೇತ ಏಣಿ ಹೊರಗೆ ಎಳೆಯೋಕೆ ಕೆಳಗಿನ ಸೊಪ್ಪಿನ ಕಟ್ಟು ಕೊಯ್ದು ಬಿಸಾಕಿದ್ರು. ಅದು ಚರಂಡಿ ಪಕ್ಕ ಸಿಕ್ತು, ಅದರ ದಾರ ಅದರಲ್ಲೇ ಇತ್ತು. ಬೆಳಿಗ್ಗೆ ವಿಮಲಮ್ಮ ಬಂದು ನೋಡ್ತಾರೆ, ಇಲ್ದಿದ್ರೆ ಗೊತ್ತಾಗುತ್ತೆ ಅಂತ ಹೊಸದು ಕಟ್ಟಿದ್ರು. ಹೊಸ ಅರಿಶಿನದ ದಾರ ಎಲ್ಲಿಂದ ಬಂತು ಗೌಡ್ರೇ? ದೇವರ ಮನೆಗೆ ಲೈನ್‌ನವರು ಬರೋ ಹಾಗಿಲ್ಲ, ರೈಟರ್ ಜಗಲಿ ದಾಟಲ್ಲ ಅಂತ ನೀವೇ ಹೇಳಿದ್ರಿ. ಇಷ್ಟು ಜನರನ್ನ ತಲೆಮಾರುಗಟ್ಟಲೆ ಹೊರಗಿಟ್ರಿ. ಈಗ ಅನುಮಾನ ಪಡೋಕೂ ಒಳಗಿನವರು ಮಾತ್ರ ಉಳಿದಿದಾರೆ."

ಕಟ್ಟೆಯಾಚೆ ಯಾರೋ ಕೆಮ್ಮಿದರು.

"ನಿಮ್ಮ ಮಂಡಿ ಆ ಗುಡ್ಡ ಹತ್ತಲ್ಲ. ವಿಮಲಮ್ಮ ಕಟ್ಟಿದ್ರೆ ಮೂರು ಸೊಪ್ಪಿರ್ತಿತ್ತು. ಹೊಸ ಕಟ್ಟಲ್ಲಿ ಬರೀ ಹಾಲವಾಣ, ಕಾಫಿಗೆ ನೆರಳು ಕೊಡೋ ಮರದ್ದು, ಅಲ್ಲೇ ಕೈಗೆ ಸಿಕ್ಕಿದ್ದು. ಪದ್ಧತಿ ಇದೆ ಅಂತ ಗೊತ್ತು, ಅದು ಹೇಗೆ ಅಂತ ಯಾವತ್ತೂ ಲಕ್ಷ್ಯ ಕೊಟ್ಟವರಲ್ಲ." ಅವಳು ವಿಮಲಮ್ಮನ ಕಡೆ ತಿರುಗಿದಳು. "ಅಮ್ಮಾ, ಆ ಎರಡನೇ ಕಟ್ಟು ನೀವು ಕಟ್ಟಿದ್ದಾ?"

ಹೌದು ಎಂದಿದ್ದರೆ ಎಲ್ಲವೂ ಅಲ್ಲಿಗೆ ಕಳಚಿಬೀಳುತ್ತಿತ್ತು. ಬಸವರಾಜುವಿಗೆ ಅದು ಗೊತ್ತಾಯಿತು, ಗೌಡನಿಗೂ. "ವಿಮಲಾ," ಎಂದ ಅವನು ಮೆಲ್ಲಗೆ. ವಿಮಲಮ್ಮ ಗಂಡನನ್ನು ನೋಡಲಿಲ್ಲ, ಮಗನನ್ನು ನೋಡಲಿಲ್ಲ. ಬಿಸಿಲಲ್ಲಿ ನಿಂತಿದ್ದ ಪಾಪಮ್ಮನನ್ನು ನೋಡಿದಳು. ಅದೇ ವಯಸ್ಸಿನ ಹೆಂಗಸು, ಅದೇ ಬಿಳಿಗೂದಲು. ಕೆಳದಾರಿಗೆ ಹೋಗಿ ದೂರದಿಂದಲೇ ನೋಡಿ ಸೊಪ್ಪು ಸರಿಯಿದೆಯೆಂದು ವಾಪಸು ಬಂದ ಬೆಳಿಗ್ಗೆಯೇ ಆ ಹೆಂಗಸು ಮಗನ ಮೈ ತೊಳೆದಿದ್ದಳು.

"ನಾನು ಕಟ್ಟಿದ್ದಲ್ಲ," ಎಂದಳು ವಿಮಲಮ್ಮ. "ದಾರದ ಉಂಡೆ ಗೂಡಿನಿಂದ ಕೆಳಗೆ ಬಿದ್ದಿತ್ತು. ಇಲಿ ಎಳೀತೇನೋ ಅಂದ್ಕೊಂಡೆ."

ದರ್ಶನ್ ಮೊಬೈಲು ಜೇಬಿಗೆ ಹಾಕಿದ. "ಇಲ್ಲಿ ಒಂದು ರೂಪಾಯಿಗೂ ಅಪ್ಪನ ಮುಂದೆ ನಿಲ್ಬೇಕು," ಎಂದ. "ನಂದೇ ಆಗೋ ಮೆಣಸು ತಾನೆ? ನಾನೇನು ಅವನನ್ನ ಸಾಯ್ಸಿಲ್ಲ. ಏಣಿ ವಾಲಿತು."

ಪಾಪಮ್ಮ ಮೊದಲ ಸಲ ಕಣದೊಳಕ್ಕೆ ಹೆಜ್ಜೆಯಿಟ್ಟಳು. ಹೂವಿನ ಪಕ್ಕ ಬಂದು ನಿಂತಳು.

"ಉಸಿರಿತ್ತಾ ಸಣ್ಣ ಗೌಡ್ರೇ?"

ದರ್ಶನ್ ಅಪ್ಪನ ಕಡೆ ತಿರುಗಿದ.

"ಬಿದ್ದ ಮೇಲೆ ಉಸಿರಿತ್ತಾ ಅವನಿಗೆ? ಜೀಪಿತ್ತಲ್ಲ ನಿಮ್ಮ ಹತ್ರ. ಆಸ್ಪತ್ರೆಗೆ ಹೋಗ್ಬಹುದಿತ್ತಾ?"

"ನೋಡ್ಲಿಲ್ಲ," ಎಂದ ದರ್ಶನ್.

ಸಬ್ ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡು ಅವನ ತೋಳು ಹಿಡಿದ. ಪೊಲೀಸ್ ಜೀಪಿನ ಬಾಗಿಲು ಹಾಕಿಕೊಂಡ ಸದ್ದಿಗೆ ವಿಮಲಮ್ಮ ಕಣದ ನೆಲಕ್ಕೇ ಕುಸಿದಳು. ಆನೆಯ ಹೆಸರಲ್ಲಿ ಗೇಟಿಗೆ ಬೀಗ ಹಾಕಿಸಿದ್ದೂ ಸಣ್ಣ ಗೌಡ್ರೇ ಎಂದು ಈಗ ವಿಶ್ವನಾಥನಿಗೆ ಬಾಯಿ ಬಂತು.

ದೇವರಾಜೇಗೌಡ ಊರುಗೋಲು ಊರಿ ಎದ್ದ. "ಪಾಪಮ್ಮ, ಆಗಿದ್ದು ಆಯ್ತು. ಮನೆ ಖಾಲಿ ಮಾಡೋದು ಬೇಡ. ಹೆಂಚು ಹೊಸದು ಹಾಕಿಸ್ತೀನಿ, ಲೈನಲ್ಲಿ ಇರೋವರೆಗೆ ಇರು. ನೀನು ಸ್ಟೇಷನ್ನಿಗೆ ಹೋಗಿ ಹೇಳಿಕೆ ಗೀಳಿಕೆ ಕೊಡೋದೆಲ್ಲ ಬೇಡ. ಇರೋದು ಒಬ್ಬ ಮಗ. ನಮ್ಮ ವಂಶ ನಿಲ್ಬೇಕು."

"ನಂಗೂ ಒಬ್ಬನೇ ಇದ್ದ," ಎಂದಳು ಪಾಪಮ್ಮ. "ಗೇಟಿನ ಬೀಗ ತೆಗೆಸಿ."

"ಹೋದ್ರೆ ವಾಪಸ್ ಬರೋಕೆ ಮನೆ ಇರಲ್ಲ, ಯೋಚನೆ ಮಾಡು."

"ಸಾಮಾನು ಒಳಗೇ ಬಿಟ್ಟು ಹೋಗ್ತಿದೀನಿ. ಬಂದು ಇಲ್ಲೇ ಇರ್ತೀನಿ. ಹೊರಗೆ ಹಾಕೋರು ಬಂದು ಹಾಕ್ಲಿ, ನೋಡೋಣ."

ಬಸವರಾಜು ಜೀಪಿನ ಮುಂದಿನ ಬಾಗಿಲು ತೆರೆದ. ಪಾಪಮ್ಮ ಹತ್ತಲಿಲ್ಲ, ಗೇಟಿನವರೆಗೆ ನಡೆದೇ ಬರುತ್ತೇನೆಂದಳು. ಜೀಪು ಅವಳ ಹಿಂದೆ ನಿಧಾನವಾಗಿ ಉರುಳಿತು. ಪ್ರೇಮಕುಮಾರಿ ಪಕ್ಕದಲ್ಲಿ ಕೂತಿದ್ದಳು. ಗೆದ್ದ ಮುಖವಲ್ಲ ಅವಳದು.

ಕಾವಲಿನವನು ಬಂಗಲೆಯ ಕಡೆ ನೋಡಿದ. ಅಲ್ಲಿಂದ ಆರ್ಡರ್ ಬರಲಿಲ್ಲ. ಬಸವರಾಜು ಕನ್ನಡಿ ನೋಡಿದ. ಕಣದ ಕಟ್ಟೆಯಾಚೆ ನಿಂತಿದ್ದವರೆಲ್ಲ ಇಳಿದು ಬರುತ್ತಿದ್ದರು. ಹಾಜರಿಗೆ, ಸಂಬಳಕ್ಕೆ, ಅಕ್ಕಿಗೆ, ವೋಟಿಗೆ ಒಬ್ಬರ ಬೆನ್ನಿಗೊಬ್ಬರು ನಿಂತೇ ಅಭ್ಯಾಸವಾದ ಜನ. ಈಗ ದಾರಿಯ ಉದ್ದಗಲ ತುಂಬಿಕೊಂಡು, ಹೆಂಗಸರು ಗಂಡಸರು ಮಕ್ಕಳು ಕಲೆಸಿಹೋಗಿ, ಪಾಪಮ್ಮನ ಸುತ್ತ ಬಂದು ನಿಂತರು. ಯಾರೂ ಸಾಲು ಕಟ್ಟಲಿಲ್ಲ.

ಕಾವಲಿನವನು ಸೊಂಟದಿಂದ ಬೀಗದ ಕೈ ಬಿಚ್ಚಿದ.